ಕದನವಿರಾಮದ ಆಚೆಗೆ: ಪ್ಯಾಲೆಸ್ಟೀನ್ ಪ್ರಶ್ನೆ ಮತ್ತು ಕನ್ನಡ ನಾಡಿನ ರಾಜತಾಂತ್ರಿಕ ಅನುಭವ

ಪ್ಯಾಲೆಸ್ಟೀನ್ ಕುರಿತ ಚರ್ಚೆಗಳಲ್ಲಿ ಕದನವಿರಾಮ, ಮಾನವೀಯ ನೆರವು, ಶಾಶ್ವತ ಶಾಂತಿ ಇವು ಒಂದಾದ ಮೇಲೊಂದು ಬರಬೇಕಾದ ಹಂತಗಳೆಂದು ಭಾವಿಸುವುದು ರೂಢಿ. ಮೊದಲು ಗುಂಡು ನಿಲ್ಲಲಿ, ಅನ್ನ–ಔಷಧ ತಲುಪಲಿ, ರಾಜಕೀಯ ಇತ್ಯರ್ಥ ಆಮೇಲೆ ಆಗಲಿ ಎಂಬುದು ಇದರ ಹಿಂದಿನ ತರ್ಕ. ನೂರು ವರ್ಷಗಳ ದಾಖಲೆ ಇದಕ್ಕೆ ಒತ್ತಾಸೆ ಕೊಡುವುದಿಲ್ಲ. ಇತ್ಯರ್ಥವನ್ನು ಮುಂದೂಡಿದಾಗಲೆಲ್ಲ ಕದನವಿರಾಮ ಮುರಿದಿದೆ, ನೆರವು ಪರಾಧೀನವಾಗಿದೆ ಎಂಬುದು ಈ ಲೇಖನದ ವಾದ. ಕನ್ನಡ ನಾಡಿನವರು ಪಾಲ್ಗೊಂಡ ಕೆಲವು ಸಂದರ್ಭಗಳ ಮೂಲಕ ಅದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹೈಫಾದಿಂದ ರೋಡ್ಸ್‌ವರೆಗೆ

ಮೈಸೂರು ಸಂಸ್ಥಾನಕ್ಕೆ ಪ್ಯಾಲೆಸ್ಟೀನಿನ ನಂಟು ಬೆಳೆದದ್ದು ಮೊದಲ ಮಹಾಯುದ್ಧದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಜೋಧಪುರದ ದಳದೊಂದಿಗೆ ಸೇರಿ 1918ರ ಸೆಪ್ಟೆಂಬರ್ 23ರಂದು ಒಟ್ಟೋಮನ್ನರ ಹಿಡಿತದಲ್ಲಿದ್ದ ಹೈಫಾವನ್ನು ಗೆದ್ದಿತು. ಅಕ್ಟೋಬರ್ 30ರ ಮುದ್ರೋಸ್ ಒಪ್ಪಂದದೊಂದಿಗೆ ಆ ರಂಗದಲ್ಲಿ ಕಾಳಗ ನಿಂತಿತು. ನೆಲದ ಜನರ ಅಭಿಪ್ರಾಯ ತಿಳಿಯಲು ಅಮೆರಿಕ 1919ರಲ್ಲಿ ಕಿಂಗ್–ಕ್ರೇನ್ ಆಯೋಗವನ್ನು ಕಳಿಸಿತು. ಆದರೆ 1920ರ ಸಾನ್ ರೆಮೊ ಸಭೆಯಲ್ಲಿ ಅದರ ಸಲಹೆಗೆ ಬೆಲೆ ಸಿಗಲಿಲ್ಲ. ಪ್ಯಾಲೆಸ್ಟೀನ್ ಬ್ರಿಟನ್ನಿನ ಮ್ಯಾಂಡೇಟ್ ಆಡಳಿತದ ಪಾಲಾಯಿತು.

1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆ 33–13 ಮತಗಳಿಂದ ವಿಭಜನೆಯನ್ನು ಅಂಗೀಕರಿಸಿತು. ಒಕ್ಕೂಟ ರಾಜ್ಯದ ಪರ್ಯಾಯವನ್ನು ಮುಂದಿಟ್ಟಿದ್ದ ಭಾರತ ವಿರುದ್ಧ ಮತ ಹಾಕಿತು. ನಂತರದ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು. 1949ರ ಫೆಬ್ರವರಿ 24ರಂದು ರೋಡ್ಸ್ ದ್ವೀಪದಲ್ಲಿ ರಾಲ್ಫ್ ಬಂಚ್ ಅವರ ಮಧ್ಯಸ್ಥಿಕೆಯಲ್ಲಿ ಈಜಿಪ್ಟ್–ಇಸ್ರೇಲ್ ಕದನವಿರಾಮ ಒಪ್ಪಂದವಾಯಿತು. ಅದರಲ್ಲಿ ಎಳೆದ ರೇಖೆ ರಾಜಕೀಯ ಗಡಿಯಲ್ಲ ಎಂದು ಒಪ್ಪಂದವೇ ಸ್ಪಷ್ಟಪಡಿಸಿತ್ತು. ಇಂದಿನ ಗಾಜಾ ಪಟ್ಟಿ ಮೂಡಿದ್ದು ಆ ತಾತ್ಕಾಲಿಕ ರೇಖೆಯಿಂದಲೇ. ಅದೇ ವರ್ಷದ ಡಿಸೆಂಬರಿನಲ್ಲಿ ನಿರಾಶ್ರಿತರ ನೆರವಿಗೆ ಸ್ಥಾಪನೆಯಾದ ಯುಎನ್‌ಆರ್‌ಡಬ್ಲ್ಯುಎ ಸಂಸ್ಥೆಯೂ ತಾತ್ಕಾಲಿಕವೇ ಆಗಿತ್ತು. ಇತ್ಯರ್ಥವಾಗದ ಕಾರಣ ಮಹಾಸಭೆ ಇಂದಿಗೂ ಅದರ ಅವಧಿಯನ್ನು ವಿಸ್ತರಿಸುತ್ತಲೇ ಇದೆ.

ಬೆನೆಗಲ್ ರಾವ್ ಎದುರಿಸಿದ ತೊಡಕು

ಕದನವಿರಾಮ, ಇತ್ಯರ್ಥ ಇವುಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಯನ್ನು, ಪ್ಯಾಲೆಸ್ಟೀನಿನಲ್ಲಿ ಅಲ್ಲದಿದ್ದರೂ ಕೊರಿಯಾದಲ್ಲಿ, ಹತ್ತಿರದಿಂದ ಎದುರಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. 1950ರ ಡಿಸೆಂಬರಿನಲ್ಲಿ ಕೊರಿಯಾ ಯುದ್ಧವನ್ನು ನಿಲ್ಲಿಸಲು ಮಹಾಸಭೆ ರಚಿಸಿದ ಮೂವರ ಸಮಿತಿಯಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಅವರೊಂದಿಗೆ ರಾವ್ ಇದ್ದರು. ಮೊದಲು ಕದನವಿರಾಮ, ಆಮೇಲೆ ಮಾತುಕತೆ ಎಂಬ ಸೂತ್ರವನ್ನು ಚೀನಾ ತಿರಸ್ಕರಿಸಿತು. ಅದು ಎದುರಾಳಿಗೆ ಉಸಿರಾಡಲು ಸಿಗುವ ಬಿಡುವಷ್ಟೇ ಎಂಬುದು ಅದರ ಆಕ್ಷೇಪ. 1951ರ ಜನವರಿಯಲ್ಲಿ ಸಮಿತಿ ಕದನವಿರಾಮ, ಹಂತಹಂತವಾಗಿ ಸೇನೆಯ ವಾಪಸಾತಿ, ರಾಜಕೀಯ ಮಾತುಕತೆ ಇವನ್ನು ಒಟ್ಟಿಗೆ ಕಟ್ಟಿಕೊಟ್ಟ ಐದು ತತ್ವಗಳನ್ನು ಮುಂದಿಟ್ಟಿತು. ಅಷ್ಟರಲ್ಲಿ ಎರಡೂ ಕಡೆ ಅಪನಂಬಿಕೆ ಬಲಿತಿತ್ತು. ಯುದ್ಧ 1953ರ ಜುಲೈವರೆಗೆ ಸಾಗಿತು. ಮರಳಿ ಹೋಗಲೊಪ್ಪದ ಯುದ್ಧಕೈದಿಗಳ ಹೊಣೆ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಆಯೋಗಕ್ಕೆ ಬಂತು. ಕೊರಿಯಾದಲ್ಲಿ ಶಾಂತಿ ಒಪ್ಪಂದ ಇನ್ನೂ ಆಗಿಲ್ಲ.

ಗಾಜಾದಲ್ಲಿ ಹತ್ತು ವರ್ಷ

ಸುಯೆಜ್ ಬಿಕ್ಕಟ್ಟಿನ ನಂತರ, 1956ರಿಂದ 1967ರವರೆಗೆ, ವಿಶ್ವಸಂಸ್ಥೆಯ ತುರ್ತು ಪಡೆ ಗಾಜಾ ಮತ್ತು ಸಿನಾಯಿಯಲ್ಲಿ ಕಾವಲಿತ್ತು. ಅದರಲ್ಲಿ ಭಾರತದ ತುಕಡಿಗಳೂ ಇದ್ದವು. ಆ ಅವಧಿಯ ನಾಲ್ಕು ವರ್ಷ ತಿಮ್ಮಯ್ಯನವರೇ ಭಾರತದ ಭೂಸೇನೆಯ ಮುಖ್ಯಸ್ಥರು. ಪಡೆ ನಿಂತದ್ದು ಈಜಿಪ್ಟಿನ ಒಪ್ಪಿಗೆಯ ಮೇಲೆ. ಇಸ್ರೇಲ್ ಅದನ್ನು ತನ್ನ ನೆಲಕ್ಕೆ ಬಿಟ್ಟುಕೊಳ್ಳಲಿಲ್ಲ. ಹತ್ತು ವರ್ಷಗಳ ಆ ಶಾಂತ ಅವಧಿಯಲ್ಲಿ ನಿರಾಶ್ರಿತರ ಪ್ರಶ್ನೆ ಒಂದಿಂಚೂ ಕದಲಲಿಲ್ಲ. 1967ರ ಮೇ ತಿಂಗಳಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಒಪ್ಪಿಗೆ ಹಿಂತೆಗೆದುಕೊಂಡರು. ಜೂನ್ 5ರಂದು ಯುದ್ಧ ಆರಂಭವಾದಾಗ ವಾಪಸಾಗಲು ಕಾಯುತ್ತಿದ್ದ ಭಾರತೀಯ ಯೋಧರೂ ಗಾಜಾದಲ್ಲಿ ಪ್ರಾಣ ತೆತ್ತರು.

ಇಂದಿನ ಪಾಠ

ಮದ್ದೂರಿನ ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದಾಗ, 2011ರ ಫೆಬ್ರವರಿಯಲ್ಲಿ, ಇಸ್ರೇಲಿ ವಸಾಹತುಗಳನ್ನು ಖಂಡಿಸುವ ನಿರ್ಣಯಕ್ಕೆ ಭದ್ರತಾ ಮಂಡಳಿಯಲ್ಲಿ ಭಾರತವೂ ಸೇರಿ 14 ರಾಷ್ಟ್ರಗಳು ಮತ ನೀಡಿದವು. ಅಮೆರಿಕದ ವಿಟೊ ಅದನ್ನು ತಡೆಯಿತು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಮಂದಿ ಹತರಾದರು. ಆ ನಂತರದ ಎರಡು ವರ್ಷಗಳಲ್ಲಿ ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ 67,000ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಸತ್ತರು. 2025ರ ಜನವರಿ 19ರ ಕದನವಿರಾಮಕ್ಕೆ ಮೂರು ಹಂತಗಳಿದ್ದವು. ಯುದ್ಧದ ಅಂತ್ಯ, ಸೇನೆಯ ವಾಪಸಾತಿ ಇದ್ದದ್ದು ಎರಡನೆಯದರಲ್ಲಿ. ಆ ಹಂತದ ಬಗ್ಗೆ ಒಮ್ಮತ ಮೂಡಲಿಲ್ಲ. ಮಾರ್ಚ್ 2ರಂದು ಇಸ್ರೇಲ್ ನೆರವನ್ನು ತಡೆಯಿತು. 18ರಂದು ದಾಳಿ ಮತ್ತೆ ಶುರುವಾಯಿತು. ಆಗಸ್ಟಿನಲ್ಲಿ ಗಾಜಾ ನಗರದ ಪ್ರದೇಶದಲ್ಲಿ ಕ್ಷಾಮವಿದೆಯೆಂದು ಅಧಿಕೃತವಾಗಿ ದೃಢಪಟ್ಟಿತು. ಇತ್ಯರ್ಥ ನಿಂತಲ್ಲಿ ಕದನವಿರಾಮವೂ ಅನ್ನವೂ ನಿಂತವು.

ಕದನವಿರಾಮ ಮತ್ತು ಇತ್ಯರ್ಥದ ನಡುವಿನ ಈ ಬಿರುಕು ಭಾರತದ ಮತದಾನದಲ್ಲೂ ಕಾಣುತ್ತದೆ. 2025ರ ಜೂನ್ 12ರಂದು ಮಹಾಸಭೆಯ ಕದನವಿರಾಮ ನಿರ್ಣಯದ ಮೇಲೆ ಅದು ತಟಸ್ಥವಾಗಿತ್ತು; ಸೆಪ್ಟೆಂಬರ್ 12ರಂದು ಎರಡು ರಾಷ್ಟ್ರಗಳ ಪರಿಹಾರವನ್ನು ಬೆಂಬಲಿಸಿದ ಘೋಷಣೆಯ ಪರ ನಿಂತಿತು. ಗುರಿಯನ್ನು ಒಪ್ಪಿ ದಾರಿಯ ಬಗ್ಗೆ ಮೌನವಾಗಿರುವುದು ರಾವ್ ಅವರಂಥವರನ್ನು ಕೊಟ್ಟ ದೇಶಕ್ಕೆ ತಕ್ಕುದಲ್ಲ.

ಅಕ್ಟೋಬರ್ 10ರಂದು ಜಾರಿಗೆ ಬಂದ ಕದನವಿರಾಮವನ್ನೂ, ನವೆಂಬರ್ 17ರ ಭದ್ರತಾ ಮಂಡಳಿ ನಿರ್ಣಯ 2803ನ್ನೂ ಇದೇ ಅಳತೆಯಿಂದ ಪರೀಕ್ಷಿಸಬೇಕು. ನಿರ್ಣಯ ಅಂತರರಾಷ್ಟ್ರೀಯ ಪಡೆಗೆ ಅನುಮತಿ ಕೊಟ್ಟಿದೆ. ಪ್ಯಾಲೆಸ್ಟೀನಿಯರ ಸ್ವಯಂನಿರ್ಣಯವನ್ನು ಷರತ್ತುಗಳು ಈಡೇರಿದ ನಂತರಕ್ಕೆ ಬಿಟ್ಟಿದೆ. ಅದಕ್ಕೆ ಕಾಲಮಿತಿ ಹಾಕಿ, ಆ ಜನರನ್ನೇ ಮಾತುಕತೆಯ ಕಕ್ಷಿಯಾಗಿ ಕೂರಿಸಿ, ನೆರವನ್ನು ಯಾವ ಪಕ್ಷದ ಚೌಕಾಸಿಗೂ ಸಿಗದಂತೆ ಕಾಯುವುದು ಭಾರತ ಪಟ್ಟುಹಿಡಿದು ಕೇಳಬೇಕಾದ ಮೂರು ಸಂಗತಿಗಳು. ಇವು ಒಂದೇ ಒಪ್ಪಂದದಲ್ಲಿ, ಒಂದೇ ಕಾಲಕ್ಕೆ ಸಿಗದಿದ್ದರೆ ಈ ಕದನವಿರಾಮವೂ ಮುಂದಿನ ಯುದ್ಧದವರೆಗಿನ ಅವಧಿಯಾಗಿಯೇ ಉಳಿಯುತ್ತದೆ.