ಗೋರಾ, ಕಾಳಾ ಮತ್ತು ಹಿಂದಿನ ಸಾಲು: ಠಾಣೆ ಸೀಮೆಯ ಯೆಹೂದಿ ಮಿಶ್ರಕುಟುಂಬಗಳ ಹಿಂದಿನ ಚರಿತ್ರೆ

ಠಾಣೆಯ ಸಿವಿಲ್ ಆಸ್ಪತ್ರೆ ರಸ್ತೆಯಲ್ಲಿರುವ ಶಾರ್ ಹಶಮಾಯಿಮ್ ಸಿನಗಾಗ್ 1879ರಲ್ಲಿ ಕಟ್ಟಿದ್ದು. ಮುಂಬಯಿಯಲ್ಲಿ ಇದಕ್ಕಿಂತ ಹಳೆಯ ಸಿನಗಾಗ್ ಇದ್ದರೂ ಭಾರತದ ಅತಿ ದೊಡ್ಡ ಯೆಹೂದಿ ಸಭೆ ಈಗ ಕೂಡುವುದು ಇಲ್ಲಿಯೇ. ಪನ್ವೇಲಿನಲ್ಲಿ 1849ರ ಬೆತ್ ಎಲ್ ಇದೆ. ನವಿ ಮುಂಬಯಿ ಎಂಬ ಊರು ಹುಟ್ಟುವ ನೂರಿಪ್ಪತ್ತು ವರ್ಷ ಮೊದಲಿನದು ಅದು. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕಡೆ ಚದುರಿರುವ ಯೆಹೂದಿ ಮನೆಗಳವರು ಹೆಚ್ಚಾಗಿ ಬೆನೆ ಇಸ್ರೇಲರು, ಮನೆಮಾತು ಮರಾಠಿ. ತಂದೆ ಅಥವಾ ತಾಯಿ ಒಬ್ಬರಷ್ಟೇ ಯೆಹೂದಿಯಾಗಿರುವ ಮನೆಗಳ ಮಾತು ಬಂದಾಗ, ಇದೆಲ್ಲ ಲೋಕಲ್ ಟ್ರೇನು, ಕಾಲೇಜು, ಕಚೇರಿಗಳ ಪರಿಚಯದಿಂದ ಈಚೆಗೆ ಶುರುವಾದದ್ದು ಎಂದು ತಿಳಿಯುವುದು ರೂಢಿ. ನಾನು ಇದನ್ನು ಒಪ್ಪುವುದಿಲ್ಲ. ಅಂಥ ಮಗು ಈ ಸಮಾಜದ ಒಳಗೆ ಹಿಂದಿನಿಂದಲೂ ಇತ್ತು. ಸಮಾಜ ಅದಕ್ಕೆ ಒಂದು ಹೆಸರಿಟ್ಟು, ಒಂದು ಜಾಗ ಗೊತ್ತುಮಾಡಿ ಕೂರಿಸಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಹೊಸದಾಗಿ ಆದದ್ದೆಂದರೆ ಆ ಜಾಗ ಕಳಚಿಕೊಂಡದ್ದು.

ಪಶ್ಚಿಮ ಕರಾವಳಿಯಲ್ಲಿ ಇಂಥ ಕುಟುಂಬದ ಅತ್ಯಂತ ವಿವರವಾದ ಹಳೆಯ ದಾಖಲೆ ನಮ್ಮ ಮಂಗಳೂರಿನದು. ಟ್ಯುನೀಸಿಯ ಮೂಲದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದ ಎರಡನೆಯ ಪಾದದಲ್ಲಿ ಇಲ್ಲಿ ನೆಲೆಸಿದ್ದ. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಕೈರೋದ ಗೆನೀಜಾ, ಅಂದರೆ ಸಿನಗಾಗಿನ ಹಳೆಯ ಕಾಗದಗಳ ಕೋಣೆಯ ಕಾಗದಗಳಲ್ಲಿ ಉಳಿದು ಬಂದಿದೆ. ಆ ಪತ್ರದಲ್ಲಿ ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರು ಇದೆ. ಅವರಿಬ್ಬರ ಮಕ್ಕಳು ಸುರೂರ್ ಮತ್ತು ಸಿತ್ ಅಲ್ ದಾರ್. 1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಮರಳಿದ. ಮಗಳನ್ನು ಕೇಳಿಕೊಂಡು ಏಡನ್ನಿನ ಅನುಕೂಲಸ್ಥರ ಮನೆಯಿಂದ ಸಂಬಂಧ ಬಂದರೂ ಒಪ್ಪದೆ, ತನ್ನ ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನಿಗೇ ಕೊಡಬೇಕೆಂದು ಹಟ ಹಿಡಿದ. 1156ರಲ್ಲಿ ಹಳೆಯ ಕೈರೋದಲ್ಲಿ ಆ ಮದುವೆಯೂ ಆಯಿತು. ಎಸ್. ಡಿ. ಗೊಯ್ಟೀನ್ ಕೂಡಿಸಿದ ಈ ಕಾಗದಗಳ ಮೇಲೆ ಅಮಿತಾವ್ ಘೋಷ್ 1992ರ ತಮ್ಮ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಪುಸ್ತಕವನ್ನು ಕಟ್ಟಿದರು. ಬಿಡುಗಡೆಪತ್ರದ ಉದ್ದೇಶ ಕರುಣೆಯಷ್ಟೇ ಆಗಿತ್ತೆಂದು ನನಗೆ ಅನಿಸುವುದಿಲ್ಲ. ಯೆಹೂದಿ ಧರ್ಮಶಾಸ್ತ್ರದಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ದಾಸಿಯ ಮಗು ದಾಸನೇ. ವಿಧಿಪೂರ್ವಕವಾಗಿ ಬಿಡುಗಡೆಯಾದವಳು ಯೆಹೂದಿ ಸಮಾಜದ ಒಳಗೆ ಬರುತ್ತಾಳೆ, ಅವಳ ಮಕ್ಕಳೂ ಬರುತ್ತಾರೆ. ಮಂಗಳೂರಿನಲ್ಲಿ ಹುಟ್ಟಲಿದ್ದ ಮಕ್ಕಳ ಮದುವೆಯ ಬಾಗಿಲು ತೆರೆದಿಡುವ ಕಾಗದ ಅದು. ಆಶು ಮಾತ್ರ ಮುಂದಿನ ಕಾಗದಗಳಲ್ಲಿ ಎಲ್ಲೂ ಕಾಣುವುದಿಲ್ಲ.

ಬೆನೆ ಇಸ್ರೇಲರ ಕಥೆ ಇದಕ್ಕಿಂತ ಬೇರೆ ಬಗೆಯದು. ಅಲಿಬಾಗಿನ ಹತ್ತಿರದ ನವಗಾಂವ್ ದಂಡೆಯಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಬದುಕುಳಿದರು ಎಂಬುದು ಅವರ ಪರಂಪರೆ. ಏಳು ಜೋಡಿಯೆಂಬ ಈ ಲೆಕ್ಕವನ್ನು ಗಮನಿಸಬೇಕು. ಊರಿನ ಹೆಣ್ಣನ್ನು ತಂದುಕೊಳ್ಳುವ ಅಗತ್ಯವೇ ಬೀಳಲಿಲ್ಲ ಎಂಬ ಮಾತು ಆ ಲೆಕ್ಕದೊಳಗೇ ಇದೆ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸಿ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ ಶನಿವಾರ್ ತೇಲಿ ಎಂಬ ಹೆಸರು ಬಿತ್ತು. ಊರಿನ ಹೆಸರಿಗೆ 'ಕರ್' ಸೇರಿಸಿ ರೋಹೇಕರ್, ಪೆಣ್‌ಕರ್, ದಿವೇಕರ್, ಚೇವುಲ್‌ಕರ್ ಆದರು. ಮುಂಬಯಿಯ ಮೊದಲ ಸಿನಗಾಗನ್ನು 1796ರಲ್ಲಿ ಕಟ್ಟಿಸಿದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ಕಂಪನಿ ಸೈನ್ಯದಲ್ಲಿದ್ದು ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿದ್ದವನು. ಸುಲ್ತಾನನ ತಾಯಿ ಸೆರೆಯಾಳುಗಳ ಕುಲ ಕೇಳಿ, ಬೆನೆ ಇಸ್ರೇಲ್ ಎಂಬ ಉತ್ತರದಿಂದ ಸಂತೋಷಪಟ್ಟು ಬಿಡಿಸಿದಳು ಎಂದು ಆ ಜನ ಹೇಳಿಕೊಂಡು ಬಂದಿದ್ದಾರೆ. ಕುಲದ ಪ್ರಶ್ನೆ ಅವರಿಗೆ ಹೀಗೆ ಒಮ್ಮೆ ಪ್ರಾಣ ಉಳಿಸಿಕೊಟ್ಟ ಪ್ರಶ್ನೆಯಾಗಿ ನೆನಪಿನಲ್ಲಿ ಉಳಿದಿದೆ. ಅದೇ ಪ್ರಶ್ನೆಯನ್ನು ಅವರು ತಮ್ಮೊಳಗೆ ಕೇಳಿಕೊಂಡಾಗ ಸಿಕ್ಕ ಉತ್ತರ ಅಷ್ಟು ಸಂತೋಷದ್ದಲ್ಲ.

ಬೆನೆ ಇಸ್ರೇಲರಲ್ಲಿ ಎರಡು ಪಂಗಡಗಳಿದ್ದವು, ಗೋರಾ (ಬಿಳಿ) ಮತ್ತು ಕಾಳಾ (ಕರಿ). ಮೈಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆನೆ ಇಸ್ರೇಲ್ ಗಂಡಸಿಗೆ ಬೇರೆ ಜಾತಿಯ ಹೆಂಗಸಿನಲ್ಲಿ ಹುಟ್ಟಿದ ಮಕ್ಕಳು, ಆ ಮಕ್ಕಳ ಸಂತತಿ, ಇವರೆಲ್ಲ ಕಾಳಾ. ಗೋರಾಗಳು ಕಾಳಾಗಳಿಗೆ ಹೆಣ್ಣು ಕೊಡುತ್ತಿರಲಿಲ್ಲ, ಅವರಿಂದ ತರುತ್ತಿರಲಿಲ್ಲ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರಲಿಲ್ಲ. ಅಡುಗೆಯ ಪಾತ್ರೆ ಮುಟ್ಟಲು ಬಿಡುತ್ತಿರಲಿಲ್ಲ. ಸಿನಗಾಗಿನಲ್ಲಿ ಕಾಳಾಗಳಿಗೆ ಹಿಂದಿನ ಸಾಲು. ಆದರೂ ಅವರು ಅಲ್ಲಿ ಬರುತ್ತಿದ್ದರು; ಅದೇ ಸಬ್ಬತ್, ಅದೇ ಉಪವಾಸ, ಅದೇ ಪ್ರಾರ್ಥನೆ. ಲಂಡನ್ನಿನಿಂದ ಬಂದು ಈ ಸಮಾಜದ ನಡುವೆ ಇದ್ದು ಅಧ್ಯಯನ ಮಾಡಿದ ಶಿಫ್ರಾ ಸ್ಟ್ರಿಝೋವರ್ 1971ರ ತಮ್ಮ ಪುಸ್ತಕದಲ್ಲಿ ಈ ವಿಭಜನೆಯನ್ನು ಸುತ್ತಲಿನ ಜಾತಿಪದ್ಧತಿಯ ಹಿನ್ನೆಲೆಯಲ್ಲಿ ನೋಡಿದರು.

ಇಲ್ಲಿ ಎರಡು ವಿಷಯ ಎದ್ದು ಕಾಣುತ್ತವೆ. ತಾಯಿ ಯೆಹೂದಿಯಲ್ಲದಿದ್ದರೆ, ಅವಳು ಮತಾಂತರ ಆಗದ ಹೊರತು ಮಗು ಯೆಹೂದಿಯೇ ಅಲ್ಲ ಎನ್ನುವುದು ಮಿಷ್ನಾ ಎಂಬ ಹಳೆಯ ಯೆಹೂದಿ ಧರ್ಮಸಂಹಿತೆಯ ಕಾಲದಿಂದ ಬಂದ ನಿಯಮ. ಆ ನಿಯಮದ ಪ್ರಕಾರ ಕಾಳಾಗಳಿಗೆ ಹಿಂದಿನ ಸಾಲೂ ಸಲ್ಲಬಾರದು. ಕೊಂಕಣದ ಹಳ್ಳಿಯಲ್ಲಿ ಮಗು ತಂದೆಯ ಹೆಸರು, ತಂದೆಯ ಊರು, ತಂದೆಯ ಕುಲ ಹಿಡಿದು ಬೆಳೆಯುತ್ತಿತ್ತು. ಹಾಗಾಗಿ ಅದನ್ನು ಹೊರಹಾಕಲಿಲ್ಲ. ಆದರೆ ತಾಯಿಯ ಜಾತಿಯನ್ನು ಮರೆಯಲೂ ಇಲ್ಲ. ಎರಡನೆಯದು, ಮಿಶ್ರ ದಾಂಪತ್ಯ ಅಪರೂಪದ ಆಕಸ್ಮಿಕವಾಗಿದ್ದರೆ ಅದಕ್ಕೊಂದು ಪಂಗಡ ಕಟ್ಟಿ, ತಲೆಮಾರುಗಳವರೆಗೆ ನಿಯಮ ಪಾಲಿಸುವ ಅಗತ್ಯ ಇರುತ್ತಿರಲಿಲ್ಲ. ಕಾಳಾ ಎಂಬ ಪಂಗಡ ಇತ್ತೆನ್ನುವುದೇ ಅಂಥ ಮನೆಗಳು ಸಾಕಷ್ಟು ಇದ್ದವೆಂಬುದಕ್ಕೆ ಸಾಕ್ಷಿ. ಈ ಸಮಾಜದ ಇತಿಹಾಸವನ್ನು ಮೊದಲು ವಿಸ್ತಾರವಾಗಿ ಬರೆದ ಹಾಯಿಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ತಮ್ಮ ಹಸ್ತಪ್ರತಿ ಮುಗಿಸಿದ್ದು 1897ರಲ್ಲಿ. ಅದು ಅಚ್ಚಾಗಿದ್ದು 1937ರಲ್ಲಿ, ಟೆಲ್ ಅವೀವಿನಲ್ಲಿ. ತಮ್ಮ ಜನ ಪ್ರಾಚೀನ ಇಸ್ರೇಲಿನ ಬೆರಕೆಯಿಲ್ಲದ ಸಂತತಿ ಎಂದು ಲೋಕಕ್ಕೆ ತೋರಿಸುವ ಕಳಕಳಿ ಅವರದು. ನನಗೆ ಆ ಕಳಕಳಿ ಅರ್ಥವಾಗುತ್ತದೆ. ಆದರೆ ಅದರಿಂದಾಗಿ ಕಾಳಾ ಮನೆಗಳ ತಾಯಂದಿರು ಚರಿತ್ರೆಯಲ್ಲಿ ಮಾತಿಲ್ಲದವರಾದರು. ಅವರು ಯಾವ ಹಬ್ಬ ಮಾಡಿದರು, ಯಾವುದನ್ನು ಬಿಟ್ಟರು ಎಂದು ಹೇಳುವ ಪುಟಗಳಿಲ್ಲ. ಅವರ ಮಕ್ಕಳು ಎಲ್ಲಿ ಕೂರಬಾರದು ಎಂದು ಹೇಳುವ ಪುಟಗಳಿವೆ.

ಕೊಚ್ಚಿಯಲ್ಲೂ ಇದೇ ನಡೆದಿತ್ತು. ಅಲ್ಲಿಯ ಪರದೇಶಿ ಸಿನಗಾಗಿನಲ್ಲಿ ಬಿಡುಗಡೆಯಾದ ದಾಸರ ವಂಶದವರಿಗೆ ಸಮಾನ ಸ್ಥಾನ ಇರಲಿಲ್ಲ. ವಕೀಲ ಎ. ಬಿ. ಸೇಲಂ ಗಾಂಧಿಯವರ ಸತ್ಯಾಗ್ರಹದ ಮಾರ್ಗ ಹಿಡಿದು ಅದರ ವಿರುದ್ಧ ಹೋರಾಡಿದರು. ಕೊಂಕಣದಲ್ಲಿ ಕಾಳಾಗಳ ಪರವಾಗಿ ಅಷ್ಟು ಹೆಸರಾದ ಹೋರಾಟ ನಡೆಯಲಿಲ್ಲ. ವಲಸೆಯೇ ಆ ಕೆಲಸ ಮಾಡಿತು.

ಕಾನೂನಿನ ಕಥೆ ಚಿಕ್ಕದು, ಆದರೆ ಅದಿಲ್ಲದೆ ಇಂದಿನ ಮನೆಗಳು ಅರ್ಥವಾಗುವುದಿಲ್ಲ. 1872ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕೆಂದರೆ ಗಂಡೂ ಹೆಣ್ಣೂ ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಯೆಹೂದಿ, ಪಾರ್ಸಿ, ಬೌದ್ಧ, ಸಿಖ್, ಜೈನ ಯಾವುದೂ ಅಲ್ಲವೆಂದು ಬರೆದುಕೊಡಬೇಕಿತ್ತು. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ತಮ್ಮತಮ್ಮೊಳಗಿನ ಮದುವೆಗಷ್ಟೇ ಆ ನಿರ್ಬಂಧವನ್ನು ಸಡಿಲಿಸಿತು. ಯೆಹೂದಿಗಳು ಹೊರಗೇ ಉಳಿದರು. 1954ರವರೆಗೆ ಯೆಹೂದಿ ಹುಡುಗನೂ ಹಿಂದೂ ಹುಡುಗಿಯೂ ಇಬ್ಬರೂ ತಮ್ಮ ತಮ್ಮ ಧರ್ಮದಲ್ಲಿದ್ದುಕೊಂಡೇ ಸರಕಾರದ ಮುಂದೆ ಗಂಡಹೆಂಡಿರಾಗುವ ದಾರಿ ಇರಲಿಲ್ಲ. ಒಬ್ಬರು ಮತ ಬದಲಿಸಬೇಕು, ಇಲ್ಲವೇ ಇಬ್ಬರೂ ಮತವಿಲ್ಲದವರಾಗಬೇಕು. 1954ರ ಹೊಸ ಕಾಯ್ದೆ ಈ ಘೋಷಣೆಯನ್ನು ತೆಗೆದುಹಾಕಿತು. ಮೂವತ್ತು ದಿನಗಳ ನೋಟಿಸಿನ ಕಾಟ ಉಳಿದರೂ, ಆ ವರ್ಷದ ನಂತರ ಹುಟ್ಟಿದ ಮಿಶ್ರ ಮನೆಯ ಮಗು, ಎರಡು ಧರ್ಮಗಳನ್ನು ಉಳಿಸಿಕೊಂಡ ತಂದೆತಾಯಿಯರ ಕಾನೂನುಬದ್ಧ ಮಗುವಾಗಬಹುದಾಯಿತು. ಇಂದು ಠಾಣೆ ಸೀಮೆಯಲ್ಲಿ ಅಂಥ ಮನೆ ನಡೆಯುವುದು ಈ ಅಡಿಪಾಯದ ಮೇಲೆ.

ಇದೇ ಹೊತ್ತಿಗೆ ಸಮಾಜವೇ ಖಾಲಿಯಾಗುತ್ತಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಸುಮಾರು 20,000 ಇದ್ದ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ಮುಂದಿನ ದಶಕಗಳಲ್ಲಿ ಇಸ್ರೇಲಿಗೆ ಹೋದರು. ಅಲ್ಲಿ ಅವರಿಗೆ ಆದದ್ದನ್ನು ಕಾಳಾಗಳ ಚರಿತ್ರೆಯ ಪಕ್ಕದಲ್ಲಿ ಇಟ್ಟು ಓದಬೇಕು. 1962ರಲ್ಲಿ ಮುಖ್ಯ ರಬ್ಬಿ ಯಿಟ್ಝಾಕ್ ನಿಸ್ಸಿಮ್ ಅವರ ಕಾಲದ ನಿರ್ದೇಶನವೊಂದು, ಬೆನೆ ಇಸ್ರೇಲರು ಬೇರೆ ಯೆಹೂದಿಗಳನ್ನು ಮದುವೆಯಾಗಬೇಕಾದರೆ ಅವರ ತಾಯಿ, ಅಜ್ಜಿ, ಅದರ ಹಿಂದಿನವರು, ಹೀಗೆ ಸಾಧ್ಯವಾದಷ್ಟು ದೂರ ವಂಶ ಪರಿಶೀಲಿಸಬೇಕೆಂದಿತು. ಮೂಲದಲ್ಲಿ ಅನ್ಯರ ಬೆರಕೆ ಇತ್ತೇ, ವಿಚ್ಛೇದನಗಳು ಶಾಸ್ತ್ರೋಕ್ತವಾಗಿ ಆಗಿದ್ದವೇ ಎಂಬುದು ಸಂದೇಹ. ಇದಕ್ಕೆ ಮೊದಲೇ, ಇರಾಕ್ ಕಡೆಯ ಮೂಲದ ಬಾಗ್ದಾದಿ ಯೆಹೂದಿಗಳು ರಂಗೂನಿನ ಸಿನಗಾಗಿನಲ್ಲಿ ಇದೇ ಸಂದೇಹದಿಂದ ಬೆನೆ ಇಸ್ರೇಲರನ್ನು ದೂರ ಇಟ್ಟಾಗ ಪ್ರಕರಣ ನ್ಯಾಯಾಲಯಕ್ಕೆ ಹೋಗಿ 1935ರಲ್ಲಿ ಬೆನೆ ಇಸ್ರೇಲರ ಪರ ತೀರ್ಪಾಗಿತ್ತು. ಈಗ ಇಸ್ರೇಲಿನಲ್ಲಿ ಅವರು ಬೀದಿಗಿಳಿದರು, ಮುಷ್ಕರ ಹೂಡಿದರು. 1964ರ ಆಗಸ್ಟಿನಲ್ಲಿ ಅಲ್ಲಿಯ ಸಂಸತ್ತು ಬೆನೆ ಇಸ್ರೇಲರು ಎಲ್ಲ ಬಗೆಯಲ್ಲೂ ಯೆಹೂದಿಗಳೆಂದು ನಿರ್ಣಯಿಸಿತು. ಗೋರಾಗಳು ಕಾಳಾಗಳನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಇಡೀ ಸಮಾಜವೇ ಎದುರಿಸಬೇಕಾಯಿತು. ಇಂಥ ಹೊತ್ತಿನಲ್ಲಿ ತಮ್ಮೊಳಗೊಂದು ಬೆರಕೆಯ ಪಂಗಡ ಇದೆಯೆಂದು ಹೇಳಿಕೊಳ್ಳುವುದು ಯಾರಿಗೂ ಬೇಡವಾಯಿತು. ಕಾಳಾ ಎಂಬ ಹೆಸರು ಬಳಕೆಯಿಂದ ಜಾರಿದ್ದಕ್ಕೆ ಉದಾರತೆಯಷ್ಟೇ ಈ ಭಯವೂ ಕಾರಣ ಎಂಬುದು ನನ್ನ ಗ್ರಹಿಕೆ.

ಉಳಿದವರು ಠಾಣೆಯ ಕಡೆ ಸರಿದರು. ರೈಲ್ವೆ, ಅಂಚೆ, ಸರಕಾರಿ ಗುಮಾಸ್ತಿಕೆ ಮೊದಲಿನಿಂದಲೂ ಈ ಜನರ ನೌಕರಿಗಳು. ಬೋರಿಬಂದರಿನಿಂದ ಠಾಣೆಗೆ 1853ರಲ್ಲಿ ಹಾಕಿದ ಹಳಿಯೇ ಅವರ ದಾರಿಯೂ ಆಯಿತು. 1970ರ ದಶಕದಿಂದ ಭಾಯಖಳಾ, ಇಸ್ರೇಲ್ ಮೊಹಲ್ಲಾಗಳ ಇಕ್ಕಟ್ಟಿನ ಕೋಣೆಗಳನ್ನು ಬಿಟ್ಟು ಕೈಗೆಟಕುವ ಫ್ಲ್ಯಾಟುಗಳಿಗೆ ಬಂದರು. ಹಳ್ಳಿಯಲ್ಲಿ ಒಬ್ಬೊಬ್ಬರ ಅಜ್ಜಿಯ ಮೂಲವೂ ಎಲ್ಲರಿಗೆ ಗೊತ್ತಿತ್ತು. ಕಲ್ಯಾಣದ ಹೌಸಿಂಗ್ ಸೊಸೈಟಿಯಲ್ಲಿ ಯಾರಿಗೆ ಗೊತ್ತು? ಮೇಲಾಗಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರ ಮಿನ್ಯಾನ್ ಬೇಕು. ಆ ಹತ್ತು ತುಂಬುವುದೇ ಕಷ್ಟವಾದ ಕಡೆ ಹಿಂದಿನ ಸಾಲು ಎಂಬುದಕ್ಕೆ ಅರ್ಥ ಉಳಿಯುವುದಿಲ್ಲ.

ಸಿನಗಾಗಿನಲ್ಲಿ ಮುಗಿಯದ ವಾದ ಅಡುಗೆಮನೆಯಲ್ಲಿ ಎಷ್ಟೋ ಸುಲಭ. ಬೆನೆ ಇಸ್ರೇಲರ ಹಬ್ಬಗಳಿಗೆ ಹಿಂದೆ ಮರಾಠಿ ಹೆಸರುಗಳೇ ಇದ್ದವು. ಪುರಿಮ್ ಹೋಳಿಚಾ ಸಣ್, ಉಪವಾಸದ ದಿನವೊಂದು ಬಿರಡ್ಯಾಚಾ ಸಣ್. ಆ ದಿನದ ಬಿರಡೆ ನಮ್ಮ ಹಿದುಕಿದ ಅವರೆಯ ಹತ್ತಿರದ ಅಡುಗೆ. ಮಾಂಸದ ಜೊತೆ ಹಾಲು ಕೂಡದೆಂಬ ನಿಯಮವಿದ್ದ ಕಡೆ ತೆಂಗಿನ ಹಾಲು ಬಂದು ಕೂತಿತು. ಮಲೀದಾ ಇವೆಲ್ಲಕ್ಕಿಂತ ಮುಖ್ಯ. ಹರಕೆ ತೀರಿದಾಗ, ಮದುವೆಗೆ ಮೊದಲು, ಮನೆಗೆ ಹೊಸದೇನಾದರೂ ಬಂದಾಗ ಎಲಿಯಾಹು ಹನ್ನಾವಿಯ (ಪ್ರವಾದಿ ಎಲೀಯನ) ಹೆಸರಲ್ಲಿ ನಡೆಯುವ ಕೃತಜ್ಞತೆಯ ವಿಧಿ ಇದು. ಅವಲಕ್ಕಿ ತೊಳೆದು ನೆನೆಸಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಬೆರೆಸಿ ದೊಡ್ಡ ತಟ್ಟೆಯಲ್ಲಿ ಗುಡ್ಡೆ ಮಾಡುತ್ತಾರೆ. ಸುತ್ತ ಬಗೆಬಗೆಯ ಹಣ್ಣು, ಮೇಲೊಂದು ಗುಲಾಬಿ. ಹೀಬ್ರೂ ಪ್ರಾರ್ಥನೆಯಾದ ಮೇಲೆ ಕೂತವರಿಗೆಲ್ಲ ಹಂಚಿಕೆ. ಕೊಂಕಣದ ಹಿಂದೂ ಮನೆಯಿಂದ ಬಂದ ಸೊಸೆಗೆ ಈ ತಟ್ಟೆಯಲ್ಲಿ ಕಲಿಯಬೇಕಾದದ್ದು ಪ್ರಾರ್ಥನೆಯೊಂದೇ. ಮಲೀದಾಕ್ಕೆ ರಬ್ಬಿ ಬೇಕಿಲ್ಲ, ವಂಶಾವಳಿ ಬೇಕಿಲ್ಲ; ಮನೆಯ ಮಕ್ಕಳೆಲ್ಲ ಪಂಕ್ತಿಯಲ್ಲಿರುತ್ತಾರೆ. ಕೊಂಕಣಕ್ಕೇ ವಿಶಿಷ್ಟವಾದ ಈ ವಿಧಿ ಇಷ್ಟು ಗಟ್ಟಿಯಾಗಿ ಉಳಿದಿರುವುದರಲ್ಲಿ ಹೊರಗಿನಿಂದ ಬಂದ ಹೆಣ್ಣುಮಕ್ಕಳ ಕೈಯೂ ಇದೆಯೆಂದು ನಾನು ನಂಬುತ್ತೇನೆ.

ತಾಯಿ ಯೆಹೂದಿಯಾದಾಗ ಲೆಕ್ಕ ತಿರುಗುತ್ತದೆ. ಎಲ್ಲರಿಗೂ ಗೊತ್ತಿರುವ ಉದಾಹರಣೆ ಮುಂಬಯಿಯ ಚಿತ್ರರಂಗದ್ದು. ಕಲ್ಕತ್ತೆಯ ಬಾಗ್ದಾದಿ ಯೆಹೂದಿ ಮನೆತನದ ಎಸ್ತರ್ ವಿಕ್ಟೋರಿಯಾ ಅಬ್ರಹಾಂ, ಅಂದರೆ 1947ರ ಮಿಸ್ ಇಂಡಿಯಾ ಪ್ರಮೀಳಾ, ಮುಸ್ಲಿಂ ನಟ ಕುಮಾರ್ ಅವರನ್ನು ಮದುವೆಯಾದರು. 1963ರಲ್ಲಿ ಅವರು ಪಾಕಿಸ್ತಾನಕ್ಕೆ ಹೋದರೂ ಪ್ರಮೀಳಾ ಇಲ್ಲೇ ನಿಂತರು. ಮಗಳು ನಕಿ ಜಹಾನ್ 1967ರಲ್ಲಿ ತಾನೂ ಮಿಸ್ ಇಂಡಿಯಾ ಆದಳು. ಮಗ ಹೈದರ್ ಅಲಿ ನಟ, ಬರಹಗಾರ. ಯೆಹೂದಿ ಶಾಸ್ತ್ರ ತಾಯಿಯಿಂದ ಎಣಿಸುತ್ತದೆ, ಇಸ್ಲಾಂ ತಂದೆಯಿಂದ. ಅಂಥ ಮಕ್ಕಳನ್ನು ಎರಡೂ ಕಡೆ ತಮ್ಮವರೆನ್ನಬಹುದು. ಯೆಹೂದಿ ತಂದೆ, ಹಿಂದೂ ಅಥವಾ ಕ್ರೈಸ್ತ ತಾಯಿ ಇರುವ ಡೊಂಬಿವಲಿಯ ಮಗುವಿಗೆ ಶಾಸ್ತ್ರದ ಆ ಅನುಕೂಲವಿಲ್ಲ.

ಅದರ ಫಲ ಕಾಗದಪತ್ರಗಳಲ್ಲಿ ಕಾಣುತ್ತದೆ. 2016ರಲ್ಲಿ ಮಹಾರಾಷ್ಟ್ರ ಸರಕಾರ ಯೆಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. ಶಾಲೆಯ ಅರ್ಜಿಯಲ್ಲಿ ಧರ್ಮದ ಎದುರು ಏನು ಬರೆಯಬೇಕೆಂಬುದಕ್ಕೆ ಅಲ್ಲಿಂದ ತೂಕ ಹೆಚ್ಚಿತು, ಬರೆಯಲು ಇರುವುದು ಒಂದೇ ಗೆರೆ. ಅಮೆರಿಕದ ಸುಧಾರಣಾವಾದಿ ರಬ್ಬಿಗಳು 1983ರಲ್ಲಿ ಯೆಹೂದಿ ತಂದೆಯ ಮಗುವನ್ನೂ, ಯೆಹೂದಿಯಾಗಿ ಬೆಳೆದರೆ, ಯೆಹೂದಿಯೆಂದೇ ಒಪ್ಪಿದರು. ಇಸ್ರೇಲಿನ ವಾಪಸಾತಿ ಕಾನೂನಿಗೆ 1970ರಲ್ಲಿ ಬಂದ ತಿದ್ದುಪಡಿಯಂತೆ ಯೆಹೂದಿಯ ಮಕ್ಕಳು, ಮೊಮ್ಮಕ್ಕಳು ಅಲ್ಲಿಯ ಪೌರತ್ವ ಪಡೆಯಬಹುದು. ಅದೇ ತಿದ್ದುಪಡಿ ಯೆಹೂದಿಯೆಂದರೆ ಯೆಹೂದಿ ತಾಯಿಗೆ ಹುಟ್ಟಿದವನು ಅಥವಾ ಮತಾಂತರಗೊಂಡವನು ಎಂದೂ ಬರೆದಿದೆ. ಅಲ್ಲಿ ಯೆಹೂದಿಗಳ ಮದುವೆ ನಡೆಸುವುದು ರಬ್ಬಿಗಳ ಕೈಯಲ್ಲಿದೆ. ಠಾಣೆಯಲ್ಲಿ ತಂದೆಯ ಜೊತೆ ಸಬ್ಬತ್ ಪ್ರಾರ್ಥನೆಗೆ ಹೋಗಿ ಬೆಳೆದ ಹುಡುಗಿ ಈ ಕಾನೂನಿನಡಿ ಇಸ್ರೇಲಿನ ಪ್ರಜೆಯಾಗಬಹುದು, ಅಲ್ಲಿಯ ಸೈನ್ಯದಲ್ಲಿ ದುಡಿಯಬಹುದು. ಮದುವೆಗೆಂದು ರಬ್ಬಿಗಳ ಕಚೇರಿಗೆ ಹೋದರೆ, ಮೊದಲು ಮತಾಂತರ ಆಗಿ ಬಾ ಎನ್ನುತ್ತಾರೆ. ಕೊಂಕಣದ ಗೋರಾಗಳು ಅವಳ ಮುತ್ತಜ್ಜಿಯ ಕಾಲದ ಕಾಳಾ ಹುಡುಗಿಗೆ ಈ ದಾರಿಯನ್ನೂ ಬಿಟ್ಟಿರಲಿಲ್ಲ. ಆದರೆ ಅವಳನ್ನು ಯೆಹೂದಿಯಲ್ಲ ಎಂದೂ ಅವರು ಹೇಳಿರಲಿಲ್ಲ.