ರಿಕಾಪು

ಕುದುರೆಯ ಜೀನಿನ ಎರಡೂ ಬದಿಗೆ ಚರ್ಮದ ಪಟ್ಟಿಯಿಂದ ಇಳಿಬಿಟ್ಟ, ಸವಾರ ಪಾದ ಊರುವ ಬಳೆ. ಅಂಕವಣೆ ಎಂಬುದು ಇದರ ಹಳಗನ್ನಡ ಹೆಸರು. ಮೇಲೆ ಪಟ್ಟಿ ಪೋಣಿಸುವ ಕಿಂಡಿ, ಇಬ್ಬದಿಗೆ ಕಮಾನು, ಕೆಳಗೆ ಪಾದ ನಿಲ್ಲುವ ಚಪ್ಪಟೆ ಹಾಸು: ಇಷ್ಟೇ ಇದರ ರಚನೆ. ಕುದುರೆ ಹತ್ತಲು, ಓಟದಲ್ಲಿ ತೂಕ ಸರಿದೂಗಿಸಲು, ಎದ್ದು ನಿಂತು ಕೈಗಳನ್ನು ಬೇರೆ ಕೆಲಸಕ್ಕೆ ಬಿಡುವು ಮಾಡಿಕೊಳ್ಳಲು ಇದು ನೆರವಾಗುತ್ತದೆ.

ಮೊದಲ ರೂಪಗಳು

ರಿಕಾಪು ಬರುವುದಕ್ಕೆ ಬಹಳ ಹಿಂದೆಯೇ ಅಶ್ವದಳಗಳಿದ್ದವು. ಅಲೆಕ್ಸಾಂಡರನ ರಾವುತರು ತೊಡೆಯ ಬಿಗಿಯಲ್ಲೇ ಕುದುರೆಯ ಮೇಲೆ ನೆಲೆನಿಂತು ಕಾದಿದರು. ರೋಮನ್ನರು ನಾಲ್ಕು ಕೊಂಬಿನ ಜೀನಿನಿಂದ ಸವಾರನನ್ನು ಭದ್ರಪಡಿಸಿದರು.

ಕಾಲಿಗೆ ಆಸರೆ ಕೊಡುವ ಬಳೆಯ ಅತಿ ಹಳೆಯ ಕುರುಹುಗಳು ಭಾರತದಲ್ಲಿವೆ. ಕ್ರಿ.ಪೂ. 2–1ನೆಯ ಶತಮಾನದ ಸಾಂಚಿ, ಭಾಜಾ ಮತ್ತು ಮಥುರಾ ಶಿಲ್ಪಗಳಲ್ಲಿ ಸವಾರರು ಹಗ್ಗ ಅಥವಾ ಚರ್ಮದ ಕುಣಿಕೆಗೆ ಕಾಲು ತೂರಿಸಿದ್ದಾರೆ. ಹೆಬ್ಬೆರಳಷ್ಟೇ ಹಿಡಿಸುವ ಕುಣಿಕೆ ಬರಿಗಾಲಿನ ಸವಾರನಿಗೆ ಸಾಕು. ಚಳಿನಾಡಿನಲ್ಲಿ ಬೂಟು ತೊಟ್ಟವನಿಗೆ ಇಡೀ ಪಾದ ಹೊಕ್ಕು ಹೊರಬರುವಷ್ಟು ಅಗಲದ, ಗಟ್ಟಿಯಾದ ಬಳೆ ಬೇಕು.

ಅಂಥ ಬಳೆಯ ಬೆಳವಣಿಗೆ ಚೀನಾದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಚಾಂಗ್‌ಶಾದ ಕ್ರಿ.ಶ. 302ರ ಸಮಾಧಿಯಲ್ಲಿ ಸಿಕ್ಕ ಮಣ್ಣಿನ ಕುದುರೆಗೆ ಎಡಗಡೆ ಮಾತ್ರ ಚಿಕ್ಕ ತ್ರಿಕೋನಾಕಾರದ ರಿಕಾಪಿದೆ. ಸವಾರನ ಕಾಲು ಅದರಲ್ಲಿಲ್ಲ. ಅದು ಹತ್ತುವುದಕ್ಕಷ್ಟೇ ಇದ್ದ ಮೆಟ್ಟಿಲು. ನಾನ್‌ಜಿಂಗ್ ಬಳಿಯ ಕ್ರಿ.ಶ. 322ರ ಸಮಾಧಿಯ ಬೊಂಬೆಯಲ್ಲಿ ಎರಡೂ ಬದಿಗೆ ರಿಕಾಪುಗಳಿವೆ. ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಕ್ರಿ.ಶ. 415ರಲ್ಲಿ ಸತ್ತ ಫೆಂಗ್ ಸುಫು ಎಂಬ ಅಧಿಕಾರಿಯ ಸಮಾಧಿಯಿಂದ ನಿಜವಾದ ಒಂದು ಜೋಡಿಯೇ ದೊರೆತಿದೆ: ಹಿಪ್ಪುನೇರಳೆ ಮರವನ್ನು ಬಾಗಿಸಿ, ಚಿನ್ನದ ಲೇಪದ ಕಂಚಿನ ತಗಡು ಹೊದಿಸಿದ್ದು.

ಪಶ್ಚಿಮಕ್ಕೆ ಪಯಣ

ಯುರೋಪಿನಲ್ಲಿ ರಿಕಾಪು ಹರಡುವುದಕ್ಕೆ ಮುಖ್ಯ ಕಾರಣ, ಹುಲ್ಲುಗಾವಲಿನಿಂದ 6ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಅವಾರರು. ಬೈಜಾಂಟಿಯಮ್ ಚಕ್ರವರ್ತಿ ಮಾರಿಸನ ಹೆಸರಿನಲ್ಲಿರುವ ಯುದ್ಧಶಾಸ್ತ್ರ ಗ್ರಂಥ ಪ್ರತಿ ಜೀನಿಗೂ ಎರಡು ಕಬ್ಬಿಣದ ರಿಕಾಪು ಇರಬೇಕೆಂದು ವಿಧಿಸುತ್ತದೆ.

1962ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ ದೊಡ್ಡದೊಂದು ವಾದ ಮುಂದಿಟ್ಟರು. ರಿಕಾಪಿನಿಂದಾಗಿ ಭರ್ಜಿಯನ್ನು ಕಂಕುಳಲ್ಲಿ ಅವುಚಿ ಕುದುರೆಯ ವೇಗದೊಡನೆ ಇರಿಯುವುದು ಸಾಧ್ಯವಾಯಿತು. ಅಂಥ ದುಬಾರಿ ಯೋಧರನ್ನು ಸಾಕಲು 8ನೆಯ ಶತಮಾನದಲ್ಲಿ ಚಾರ್ಲ್ಸ್ ಮಾರ್ಟೆಲ್ ಭೂಮಿ ಹಂಚಿದ. ಊಳಿಗಮಾನ್ಯ ಪದ್ಧತಿ ಅಲ್ಲಿಂದ ಹುಟ್ಟಿತು ಎಂದರು. ಮರುವರ್ಷವೇ ಪೀಟರ್ ಸಾಯರ್ ಮತ್ತು ರಾಡ್ನಿ ಹಿಲ್ಟನ್, 1970ರಲ್ಲಿ ಬರ್ನಾರ್ಡ್ ಬ್ಯಾಕ್ರಾಕ್ ಇದನ್ನು ಅಲ್ಲಗಳೆದರು. ಆ ಕಾಲದ ಫ್ರಾಂಕ್ ಯೋಧರ ಸಮಾಧಿಗಳಲ್ಲಿ ರಿಕಾಪು ಅಪರೂಪ. 11ನೆಯ ಶತಮಾನದ ಬಾಯೋ ಕಸೂತಿಪಟದಲ್ಲಿ ನಾರ್ಮನ್ ಸವಾರರ ಕಾಲು ರಿಕಾಪಿನಲ್ಲಿದ್ದರೂ ಅನೇಕರು ಭರ್ಜಿಯನ್ನು ಇನ್ನೂ ತಲೆಯ ಮೇಲೆತ್ತಿಯೇ ಹಿಡಿದಿದ್ದಾರೆ. ಎದುರಿನಿಂದ ಬಂದ ಹೊಡೆತಕ್ಕೆ ಸವಾರ ಹಿಂದಕ್ಕೆ ಬೀಳದಂತೆ ತಡೆಯುವುದರಲ್ಲಿ ಎತ್ತರದ ಹಿಂಬದಿಯ ಜೀನಿನ ಪಾಲೇ ದೊಡ್ಡದು. ಒಂದು ಉಪಕರಣ ತಾನಾಗಿ ಸಮಾಜವನ್ನು ಕಟ್ಟುವುದಿಲ್ಲ. ಜನ ತಮ್ಮ ಅಗತ್ಯಕ್ಕೆ ತಕ್ಕಂತೆ ಅದನ್ನು ರೂಪಿಸಿಕೊಳ್ಳುತ್ತಾರೆ ಎಂಬುದಕ್ಕೆ ರಿಕಾಪಿನ ಚರಿತ್ರೆ ಒಳ್ಳೆಯ ನಿದರ್ಶನ. ಮಂಗೋಲರು ಅದರ ಮೇಲೆ ನಿಂತು ಬಾಣ ಬಿಟ್ಟರು. ಜಪಾನಿನ ಯೋಧರು ಬಿದ್ದಾಗ ಕಾಲು ಸಿಲುಕದಂತೆ ಪಕ್ಕ ತೆರೆದ ಉದ್ದನೆಯ ರಿಕಾಪು ಮಾಡಿಕೊಂಡರು.

ಕರ್ನಾಟಕದಲ್ಲಿ 12–13ನೆಯ ಶತಮಾನದ ಹೊಯ್ಸಳ ದೇವಾಲಯಗಳ ಅಶ್ವಪಟ್ಟಿಕೆಗಳಲ್ಲಿ ರಿಕಾಪಿನಲ್ಲಿ ಕಾಲಿಟ್ಟ ಸವಾರರನ್ನು ನೋಡಬಹುದು. ಫ್ರೆಂಚ್ ವಿದ್ವಾಂಸ ಜ್ಯಾಂ ದೆಲೋಷ್ ಹೊಯ್ಸಳ ಶಿಲ್ಪದ ಯುದ್ಧೋಪಕರಣಗಳನ್ನು ಕುರಿತು 1989ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು.

ಪಂದ್ಯದಲ್ಲಿ

19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾಕಿ ಟಾಡ್ ಸ್ಲೋನ್ ಪಟ್ಟಿಯನ್ನು ಗಿಡ್ಡ ಮಾಡಿ, ಮೊಣಕಾಲು ಮಡಚಿ ಕುದುರೆಯ ಕತ್ತಿನ ಕಡೆ ಬಾಗಿ ಕೂರುವ ಭಂಗಿಯನ್ನು ಇಂಗ್ಲೆಂಡಿನಲ್ಲಿ ಜನಪ್ರಿಯಗೊಳಿಸಿದ. ಹೀಗೆ ಕುಳಿತ ಜಾಕಿಯ ಕಾಲುಗಳು ಕುದುರೆಯ ಏರಿಳಿತವನ್ನು ತಾವೇ ಹೀರಿಕೊಳ್ಳುವುದರಿಂದ ಕುದುರೆ ಅವನ ದೇಹವನ್ನು ಪ್ರತಿ ಹೆಜ್ಜೆಗೂ ಎತ್ತಿಹಾಕಬೇಕಿಲ್ಲ. ಈ ಭಂಗಿ ಹರಡಿದ ಹೊತ್ತಿನಲ್ಲಿ, 1890–1910ರ ನಡುವೆ, ಪಂದ್ಯದ ಅವಧಿ ಶೇ. 5ರಿಂದ 7ರಷ್ಟು ತಗ್ಗಿತೆಂದು 2009ರ ಅಧ್ಯಯನವೊಂದು ತೋರಿಸಿದೆ.

ಸವಾರಿಯಾಚೆ

ಮಧ್ಯಕಿವಿಯ ಮೂರು ಮೂಳೆಗಳಲ್ಲಿ ಕೊನೆಯದು ಆಕಾರದಿಂದಾಗಿ ರಿಕಾಪು ಎನಿಸಿಕೊಂಡಿದೆ. ಸುಮಾರು 3 ಮಿ.ಮೀ. ಎತ್ತರದ ಇದು ಮಾನವ ದೇಹದ ಅತಿ ಚಿಕ್ಕ ಮೂಳೆ. ಕಿವಿತಮಟೆಯ ಕಂಪನವನ್ನು ಒಳಗಿವಿಯ ದ್ರವಕ್ಕೆ ಮುಟ್ಟಿಸುತ್ತದೆ. ಕಾಯಿಲೆಯಿಂದ ಇದು ಅಲುಗಾಡದಂತೆ ಬಿಗಿದುಕೊಂಡರೆ ಕೇಳಿಸುವುದು ಕುಂದುತ್ತದೆ. 1956ರಲ್ಲಿ ಅಮೆರಿಕದ ವೈದ್ಯ ಜಾನ್ ಶೀ ಈ ಮೂಳೆಯನ್ನು ತೆಗೆದು ಟೆಫ್ಲಾನ್ ತುಂಡನ್ನು ಕೂರಿಸಿ ಶ್ರವಣ ಮರಳಿಸಿದರು.

ಕಟ್ಟಡ ಕೆಲಸದಲ್ಲಿ, ಕಾಂಕ್ರೀಟ್ ತೊಲೆಯೊಳಗಿನ ಉದ್ದ ಕಂಬಿಗಳನ್ನು ಸುತ್ತುವರಿದು ಓರೆ ಬಿರುಕನ್ನು ತಡೆಯುವ ಉಕ್ಕಿನ ಬಳೆಗೂ ರಿಕಾಪಿನ ಇಂಗ್ಲಿಷ್ ಹೆಸರೇ ಇದೆ. ಎಂಜಿನಿಯರರು ಸ್ಟಿರಪ್ ಎನ್ನುವ ಇದನ್ನು ನಮ್ಮ ಕಂಬಿ ಕಟ್ಟುವವರು ರಿಂಗ್ ಎನ್ನುತ್ತಾರೆ. ಫ್ರಾನ್ಸಿನ ಫ್ರಾಂಸ್ವಾ ಎನ್ನೆಬಿಕ್ 1892ರ ತನ್ನ ಪೇಟೆಂಟಿನಲ್ಲಿ ತೊಲೆಗಳಿಗೆ ಇದನ್ನು ಬಳಸಿದ. ತೊಲೆ ಕಂಬವನ್ನು ಸೇರುವೆಡೆ ಓರೆ ಬಿರುಕು ಬೀಳುವ ಸಂಭವ ಹೆಚ್ಚಾದ್ದರಿಂದ ಅಲ್ಲಿ ರಿಂಗುಗಳನ್ನು ಒತ್ತಾಗಿ ಕಟ್ಟುತ್ತಾರೆ. ಭೂಕಂಪಕ್ಕೆ ತಡೆಯಬೇಕಾದರೆ ರಿಂಗಿನ ತುದಿಗಳನ್ನು 135 ಡಿಗ್ರಿ ಬಗ್ಗಿಸಿ ಒಳಮುಖವಾಗಿ ಹೂಳಬೇಕು. 90 ಡಿಗ್ರಿಗೆ ನಿಲ್ಲಿಸಿದರೆ ಹೊರಗಿನ ಕಾಂಕ್ರೀಟ್ ಉದುರಿದೊಡನೆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟ್ ಸುರಿದ ಮೇಲೆ ಇದನ್ನು ತಿದ್ದಲಾಗದು. ಆದ್ದರಿಂದ ಮನೆ ಕಟ್ಟಿಸುವವರು ಅದಕ್ಕೆ ಮುನ್ನವೇ ರಿಂಗುಗಳ ಅಂತರವನ್ನೂ ಕೊಕ್ಕೆಯನ್ನೂ ಕಣ್ಣಾರೆ ನೋಡಿಕೊಳ್ಳಬೇಕು.