ಸೈಲೆನ್ಸರ್ ಬದಲಿಸಿದರೆ ಪಿಕಪ್ ಬರುತ್ತಾ? ಒಂದು ಹಳೆ ನಂಬಿಕೆಯ ಕಥೆ

ಬೆಂಗಳೂರಿನ ಲಾಲ್‌ಬಾಗ್ ಪಕ್ಕದ ಸಿದ್ದಾಪುರದಿಂದ ಜೆ.ಸಿ. ರಸ್ತೆ ದೂರವೇನಿಲ್ಲ. ನಮ್ಮೂರ ಕಡೆ ಸಿಗದ ಗಾಡಿ ಸಾಮಾನು ಅಲ್ಲಿ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ನಮ್ಮ ಹುಡುಗರು ಆ ಕಡೆ ಹೋದರೆ ದಪ್ಪ ಬಾಯಿಯ ಸೈಲೆನ್ಸರ್ ಹಾಕಿಸಿಕೊಂಡು ಬರುತ್ತಾರೆ. ಯಾಕಪ್ಪಾ ಎಂದರೆ, "ಪಿಕಪ್ ಬರುತ್ತೆ ಅಣ್ಣಾ."

ಈ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಆದರೆ ಅದು ಹುಟ್ಟಿದ್ದು ಬೈಕಿನ ಲೋಕದಲ್ಲಿ.

ಜೆ.ಸಿ. ಎಂದರೆ ಜಯಚಾಮರಾಜೇಂದ್ರ. ಅದೇ ಜಯಚಾಮರಾಜ ಒಡೆಯರ್ 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉದ್ಘಾಟಿಸಿದರು. ಜಾವಾ, ಆಮೇಲೆ ಯೆಜ್ಡಿ: ಎರಡೂ ಟೂ-ಸ್ಟ್ರೋಕ್ ಬೈಕುಗಳು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು, ಅದೂ ಟೂ-ಸ್ಟ್ರೋಕ್.

ಈ ಎಂಜಿನ್‌ಗಳಲ್ಲಿ ಕಾರಿನ ಹಾಗೆ ಹೊಗೆ ತಡೆಯುವ ವಾಲ್ವ್ ಇಲ್ಲ. ಹೊಗೆ ಹೊರಹೋಗುವಾಗಲೇ ಹೊಸ ಪೆಟ್ರೋಲ್ ಗಾಳಿ ಒಳಬರುತ್ತದೆ, ಅದರಲ್ಲಿ ಒಂದಿಷ್ಟು ಹೊಗೆಯ ಜೊತೆಗೇ ಜಾರಿಹೋಗುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಹೊಟ್ಟೆ ಉಬ್ಬಿದ, ತುದಿ ಕಿರಿದಾದ ಪೈಪನ್ನು ಪಳಗಿಸಿದರು. ಅದರೊಳಗಿಂದ ಒತ್ತಡದ ಅಲೆ ವಾಪಸ್ ಬಂದು, ಜಾರಿದ ಪೆಟ್ರೋಲನ್ನು ಎಂಜಿನ್ನಿಗೇ ತಳ್ಳುತ್ತಿತ್ತು. 1961ರಲ್ಲಿ ಅವರ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದರು. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಪ್ರಶಸ್ತಿ! ಅಂಥ ಎಂಜಿನ್‌ಗೆ ಪೈಪು ಅರ್ಧ ಪ್ರಾಣ. ಲೆಕ್ಕ ಹಾಕಿ ಮಾಡಿದ ಪೈಪು ಹಾಕಿದರೆ ಪಿಕಪ್ ನಿಜವಾಗಿ ಬರುತ್ತಿತ್ತು. ಒಳಗಿನ ಬ್ಯಾಫಲ್ ಸುಮ್ಮನೆ ಕಿತ್ತವರಿಗೆ ಮಾತ್ರ ಹೆಚ್ಚಾಗಿ ಸದ್ದೇ ಸಿಕ್ಕಿದ್ದು.

1983ರಲ್ಲಿ ಮಾರುತಿ 800 ಬಂತು. ಬೈಕಿನ ನಂಬಿಕೆ ಮೆಲ್ಲಗೆ ಕಾರು ಹತ್ತಿತು.

ಕಾರು ಫೋರ್-ಸ್ಟ್ರೋಕ್. ಹಿಂದಿನ ಡಬ್ಬ ಮಾತ್ರ ಬದಲಿಸಿದರೆ ಸಾಮಾನ್ಯ ಕಾರಿನಲ್ಲಿ ಶಕ್ತಿ ಹೆಚ್ಚುವುದು ಅಷ್ಟಕ್ಕಷ್ಟೇ. ಪೈಪು ತೀರಾ ಅಗಲವಾದರೆ ಹೊಗೆಯ ವೇಗ ತಗ್ಗಿ, ಏರಿನಲ್ಲಿ ಎಳೆಯುವ ಶಕ್ತಿ ಕುಗ್ಗಲೂಬಹುದು. ಎಂಜಿನ್ ಪಕ್ಕದಿಂದಲೇ ಪೈಪು ಬದಲಿಸಿ, ಅದಕ್ಕೆ ತಕ್ಕಂತೆ ಟ್ಯೂನಿಂಗ್ ಮಾಡಿಸುವ ರ‍್ಯಾಲಿಯವರ ಕಥೆ ಬೇರೆ. ಟರ್ಬೊ ಕಾರಿಗೂ ಲಾಭ ಸ್ವಲ್ಪ ಹೆಚ್ಚು. ಉಳಿದವರಿಗೆ ಕಿವಿ ಹೇಳಿದ್ದನ್ನು ಮನಸ್ಸು ನಂಬುತ್ತದೆ: ಸದ್ದು ಜೋರಾಯಿತು, ಅಂದಮೇಲೆ ಗಾಡಿಯೂ ಜೋರು.

ಇಷ್ಟೇ ಆಗಿದ್ದರೆ ಖಯಾಲಿ ಎಂದು ಬಿಡಬಹುದಿತ್ತು. 1995ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು, ಕ್ರಮೇಣ ನಮ್ಮ ಕಡೆಗೂ ಬಂತು. ವಿಷದ ಹೊಗೆಯನ್ನು ತಿಳಿಗೊಳಿಸುವ ಈ ಭಾಗದಲ್ಲಿ ಪ್ಲಾಟಿನಂ, ಪಲ್ಲಾಡಿಯಂನಂಥ ಬೆಲೆಬಾಳುವ ಲೋಹಗಳಿವೆ. "ಫ್ರೀ ಫ್ಲೋ" ಹೆಸರಲ್ಲಿ ಇದನ್ನು ಕಿತ್ತರೆ ಗುಜರಿಯಲ್ಲಿ ಅದಕ್ಕೆ ಒಳ್ಳೆ ಬೆಲೆ, ನಿಮಗೆ ಸಿಗುವುದು ಬರೀ ಸದ್ದು. ಹಳೆ ಕಾರು ಕೊಳ್ಳುವವರು ಅಡಿಗೆ ಬಗ್ಗಿ, ಅದು ಇದೆಯೋ ಇಲ್ಲವೋ ಮೆಕ್ಯಾನಿಕ್‌ಗೆ ತೋರಿಸಿ.

ಕಾನೂನು ಹೊಸದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಸದ್ದು ತಗ್ಗಿಸುವ ಸೈಲೆನ್ಸರ್ ಎಲ್ಲ ವಾಹನಕ್ಕೂ ಬೇಕು, ಟ್ರ್ಯಾಕ್ಟರ್‌ಗೂ! 2019ರ ತಿದ್ದುಪಡಿಯ ನಂತರ ಶಬ್ದ ಮಾಲಿನ್ಯಕ್ಕೆ 10,000 ರೂಪಾಯಿವರೆಗೆ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ.

ದಂಡಕ್ಕಿಂತ ನಮಗೆ ಹೆಚ್ಚು ಭಯ ಅರೆಬರೆ ವೆಲ್ಡಿಂಗ್‌ನದು. ಸಂದಿಯಿಂದ ಸೋರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಗಾಜು ಏರಿಸಿಕೊಂಡು ಮಕ್ಕಳನ್ನು ಮಲಗಿಸಿ ಜಾತ್ರೆಗೆ ಹೋಗುವಾಗ ಅದು ಒಳಗೆ ಬಂದರೂ ಯಾರಿಗೂ ಗೊತ್ತಾಗುವುದಿಲ್ಲ.